ಬಲ ಅಳೆಯಲು ಯಾವುದನ್ನು ಕೊಳ್ಳೋಣ: ಸ್ಪ್ರಿಂಗ್ ತಕ್ಕಡಿಯೋ, ಲೋಡ್ ಸೆಲ್ಲೋ, ಕಂಪನಿಯ ಸೆನ್ಸರೋ?

ಮಳೆಗಾಲ ಹಿಡಿದು ಕಾಲೇಜುಗಳು ಬಾಗಿಲು ತೆರೆಯುವ ಹೊತ್ತಿಗೆ ಭೌತಶಾಸ್ತ್ರ ಪ್ರಯೋಗಾಲಯದ ಖರೀದಿಪಟ್ಟಿಯೂ ಸಿದ್ಧವಾಗಬೇಕಾಗುತ್ತದೆ. ಆ ದಿನಗಳಲ್ಲಿ ನನ್ನನ್ನು ಕೇಳುವವರ ಗೊಂದಲ ಹೆಚ್ಚುಕಡಿಮೆ ಒಂದೇ ಬಗೆಯದು. ಈ ಸಲ ಕಾರ್ಕಳದ ಕಡೆಯ ಅಧ್ಯಾಪಕಿಯೊಬ್ಬರು ಕೇಳಿದ್ದು ಹೀಗೆ: "ಸರ್, ಮಂಜೂರಾದ ಹಣಕ್ಕೆ ಕಂಪನಿಯ ಫೋರ್ಸ್ ಸೆನ್ಸರ್ ಒಂದು ಬರುತ್ತದೆ. ಅದೇ ಹಣದಲ್ಲಿ ಲೋಡ್ ಸೆಲ್ ತರಿಸಿ ನಾವೇ ಏಳೆಂಟು ಕಟ್ಟಿಕೊಳ್ಳಬಹುದು ಅಂತಾರೆ. ಯಾವುದು ಮಾಡೋಣ?" (ಲೋಡ್ ಸೆಲ್ ಎಂದರೆ ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಲೋಹದ ಪಟ್ಟಿ, ವಿವರ ಮುಂದಿದೆ.) ಉಡುಪಿಯ ಪಿಯುಸಿ ವಿದ್ಯಾರ್ಥಿಯೊಬ್ಬನ ಚಿಂತೆ ಇನ್ನೊಂದು. ಅಡುಗೆಮನೆಯ ತೂಕದ ಯಂತ್ರದಲ್ಲಿ ಪ್ರಾಜೆಕ್ಟ್ ಮಾಡಿದರೆ ಪರೀಕ್ಷಕರು ನಕ್ಕುಬಿಟ್ಟಾರೇ ಎಂದು ಅವನಿಗೆ ಅಳುಕು. ಇಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒರೆಗಲ್ಲು

ಸಾಧನದ ಹೆಸರು ಎತ್ತುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ನಿಮ್ಮ ಪ್ರಯೋಗದಲ್ಲಿ ಬಲವು ಎಷ್ಟು ಬೇಗ ಬದಲಾಗುತ್ತದೆ ಎಂಬುದು. ಕೊಳ್ಳುವವರಲ್ಲಿ ಹೆಚ್ಚಿನವರು ಡಬ್ಬಿಯ ಮೇಲೆ ಬರೆದ ನಿಖರತೆಯ ಅಂಕಿಯನ್ನು ನೋಡುತ್ತಾರೆ, ವೇಗದ ಅಂಕಿಯನ್ನು ನೋಡುವುದಿಲ್ಲ. ಸ್ಪ್ರಿಂಗಿಗೆ ತೂಕ ನೇತುಹಾಕಿ ಹಿಗ್ಗುವಿಕೆ ನೋಡುವುದು, ಬಲಗಳ ಸಮಾಂತರ ಚತುರ್ಭುಜ ನಿಯಮ, ನೀರಿನಲ್ಲಿ ಮುಳುಗಿದ ಕಲ್ಲಿನ ಮೇಲಿನ ಪ್ಲವನ ಬಲ, ಇವುಗಳಲ್ಲೆಲ್ಲ ಬಲ ನಿಂತಲ್ಲೇ ನಿಂತಿರುತ್ತದೆ. ನಾವು ನಿಧಾನವಾಗಿ ಓದಿ ಬರೆದುಕೊಳ್ಳಬಹುದು. ಲೋಲಕದ ದಾರದಲ್ಲಿನ ಎಳೆತ, ಸ್ಪ್ರಿಂಗಿನಲ್ಲಿ ಕುಣಿಯುವ ತೂಕ, ಲಿಫ್ಟಿನಲ್ಲಿ ಹಗುರಾಗುವ ಮೈಭಾರ ಇವು ಸೆಕೆಂಡುಗಳ ಲೆಕ್ಕದಲ್ಲಿ ಬದಲಾಗುತ್ತವೆ. ಪ್ರಯೋಗಾಲಯದ ಎರಡು ಪುಟ್ಟ ಗಾಡಿಗಳ ಡಿಕ್ಕಿಯಾದರೋ ಮಿಲಿಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಮೊದಲ ಗುಂಪಿಗೆ ಸಾಕಾಗುವ ಸಾಧನ ಮೂರನೆಯ ಗುಂಪಿಗೆ ಎಷ್ಟೇ ಸೂಕ್ಷ್ಮವಾಗಿದ್ದರೂ ನಿಷ್ಪ್ರಯೋಜಕ.

ಎರಡನೆಯದು ಅಳತೆಯ ವ್ಯಾಪ್ತಿ. ಬಾವಿಯಿಂದ ನೀರು ಸೇದುವಾಗ ರಾಟೆಯ ಹಗ್ಗದಲ್ಲಿ ಎಷ್ಟು ಎಳೆತ ಇರುತ್ತದೆಂದು ಅಳೆಯಲು ನಮ್ಮ ವಿದ್ಯಾರ್ಥಿಗಳ ಗುಂಪೊಂದು ಒಮ್ಮೆ 50 ನ್ಯೂಟನ್ನಿನ ಸೆನ್ಸರನ್ನು ಹಿಡಿದುಕೊಂಡು ಹೊರಟಿತ್ತು. ಹತ್ತು ಲೀಟರ್ ಹಿಡಿಯುವ ಕೊಡಪಾನದ ನೀರಿನ ಭಾರವೊಂದೇ ಸುಮಾರು 98 ನ್ಯೂಟನ್. ಹಗ್ಗವನ್ನು ಜಗ್ಗಿ ಎಳೆದಾಗ ಅದು ಇನ್ನೂ ಏರುತ್ತದೆ. ಬಾಗಿಲಲ್ಲೇ ತಡೆದು, ಪ್ರಯಾಣದ ಬ್ಯಾಗು ತೂಗುವ 50 ಕೆ.ಜಿ.ಯ ಕೊಕ್ಕೆ ತಕ್ಕಡಿಯನ್ನು ಕೊಟ್ಟು ಕಳುಹಿಸಿದೆ. ಅದರಲ್ಲೇ ಕೆಲಸ ಆಯಿತು. ಇದರ ವಿರುದ್ಧದ ತಪ್ಪೂ ಸಾಮಾನ್ಯವೇ. ಅರ್ಧ ಕೆ.ಜಿ.ಯ ಮರದ ತುಂಡನ್ನು ಮೇಜಿನ ಮೇಲೆ ಎಳೆದರೆ ಘರ್ಷಣೆ ಒಂದೂವರೆ ಎರಡು ನ್ಯೂಟನ್ ಇದ್ದೀತು. 0.05 ನ್ಯೂಟನ್ ಲೀಸ್ಟ್ ಕೌಂಟಿನ (ಓದಬಹುದಾದ ಅತಿ ಸಣ್ಣ ಅಳತೆಯ) ಸಾಧನದಲ್ಲಿ ಅದನ್ನು ಅಳೆದರೆ ಓದುವಾಗಲೇ ಶೇಕಡಾ 3ರಷ್ಟು ಅನಿಶ್ಚಿತತೆ ಸೇರಿಬಿಡುತ್ತದೆ.

ಮೂರನೆಯದು ನಮ್ಮ ಕರಾವಳಿಯ ಹವೆ. ಘಟ್ಟದ ಮೇಲಿನವರಿಗೆ ಇದು ಅಷ್ಟಾಗಿ ಅರ್ಥವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿಟ್ಟ ಪುಸ್ತಕಕ್ಕೇ ಬೂಸ್ಟು ಹಿಡಿಯುವ ಊರಿನಲ್ಲಿ ತಾಮ್ರದ ಪಿನ್ನುಗಳಿಗೆ ಹಸಿರು ಕಿಲುಬು ಕಟ್ಟುವುದು ಆಶ್ಚರ್ಯವಲ್ಲ. ಕಡಲತಡಿಯ ಕಾಲೇಜುಗಳಲ್ಲಿ ಉಪ್ಪಿನ ಗಾಳಿಯೂ ಸೇರಿಕೊಳ್ಳುತ್ತದೆ. ನಾಲ್ಕನೆಯದು, ಕೆಟ್ಟಾಗ ಯಾರು ಸರಿಮಾಡುತ್ತಾರೆ ಎಂಬುದು. ಬೆಲೆಯನ್ನು ನಾನು ಕೊನೆಯಲ್ಲಿ ಇಡುತ್ತೇನೆ. ಮೇಲಿನ ನಾಲ್ಕಕ್ಕೆ ಉತ್ತರ ಸಿಕ್ಕಿದರೆ ಬೆಲೆಯ ಪ್ರಶ್ನೆ ಅರ್ಧ ಬಗೆಹರಿದಿರುತ್ತದೆ.

ಸ್ಪ್ರಿಂಗ್ ತಕ್ಕಡಿ

ಇದನ್ನು ಹಳೆಯದೆಂದು ಮೂಲೆಗೆ ತಳ್ಳುವವರ ಜೊತೆ ನಾನಿಲ್ಲ. ವಿದ್ಯುತ್ ಬೇಡ, ತಂತ್ರಾಂಶ ಬೇಡ, ಸಿಡಿಲಿನ ಭಯ ಇಲ್ಲ. ಬಲ ಹೆಚ್ಚಿದರೆ ಸ್ಪ್ರಿಂಗ್ ಹಿಗ್ಗುವುದು ಕಣ್ಣೆದುರೇ ಕಾಣುವುದರಿಂದ, ಅಳತೆ ಎಂದರೇನು ಎಂಬುದು ಪ್ರೌಢಶಾಲೆಯ ಮಕ್ಕಳಿಗೆ ಇದರಲ್ಲಿ ತಿಳಿಯುವಷ್ಟು ಅಂಕಿ ತೋರಿಸುವ ಪರದೆಯಲ್ಲಿ ತಿಳಿಯುವುದಿಲ್ಲ. ಎರಡು ತಕ್ಕಡಿಗಳ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದರೆ ನ್ಯೂಟನ್ನನ ಮೂರನೆಯ ನಿಯಮ ನೂರಿನ್ನೂರು ರೂಪಾಯಿಯಲ್ಲಿ ತರಗತಿಗೆ ಬರುತ್ತದೆ.

ಮಿತಿಗಳು ಎರಡು. ಅಡ್ಡಲಾಗಿ ಹಿಡಿದು ಎಳೆದಾಗ ಒಳಗಿನ ಕಡ್ಡಿ ಕವಚಕ್ಕೆ ಉಜ್ಜುತ್ತದೆ, ಸೊನ್ನೆಯೂ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಘರ್ಷಣೆಯ ಪ್ರಯೋಗಕ್ಕೆ ಬಳಸುವಾಗ ಮಲಗಿಸಿದ ಸ್ಥಿತಿಯಲ್ಲೇ ಸೊನ್ನೆ ಸರಿಮಾಡಿಕೊಳ್ಳಬೇಕು. ಎರಡನೆಯದು, ಅದು ಕಾಲದ ಲೆಕ್ಕ ಇಡುವುದಿಲ್ಲ. ಮರದ ತುಂಡು ಕದಲುವ ಆ ಗಳಿಗೆಯಲ್ಲಿ ಮುಳ್ಳು ಎಲ್ಲಿತ್ತೆಂದು ಹತ್ತು ವಿದ್ಯಾರ್ಥಿಗಳನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ.

ಅಡುಗೆಮನೆಯ ತೂಕದ ಯಂತ್ರ

ಉಡುಪಿಯ ಆ ಹುಡುಗನಿಗೆ ನಾನು ಧೈರ್ಯ ಹೇಳಿದ್ದು ಈ ಪ್ರಯೋಗದ ಬಲದಿಂದ. ಐದು ಕೆ.ಜಿ. ಮಿತಿಯ, ಒಂದು ಗ್ರಾಂ ತೋರಿಸುವ ಯಂತ್ರದ ಮೇಲೆ ಬಾವಿನೀರು ತುಂಬಿದ ಅಗಲ ಪಾತ್ರೆಯನ್ನಿಟ್ಟು ಸೊನ್ನೆಯ ಗುಂಡಿ ಒತ್ತಬೇಕು. ಕಲ್ಲೊಂದನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದಿರಬೇಕು. ಕಲ್ಲಿನ ಭಾರ ದಾರದ ಮೇಲಿದ್ದರೂ ಯಂತ್ರದ ಅಂಕಿ ಏರುತ್ತದೆ. ನೀರು ಕಲ್ಲನ್ನು ಮೇಲಕ್ಕೆ ಒತ್ತಿದಷ್ಟೇ ಬಲದಿಂದ ಕಲ್ಲು ನೀರನ್ನು ಕೆಳಕ್ಕೆ ಒತ್ತುತ್ತದೆ. ಯಂತ್ರ ತೋರಿಸುವುದು ಆ ಬಲವನ್ನೇ. ಕಲ್ಲಿನ ಗಾತ್ರ 400 ಘನ ಸೆಂಟಿಮೀಟರ್ ಇದ್ದರೆ ಅಂಕಿ ಸುಮಾರು 400 ಗ್ರಾಂ ಆಗಿರುತ್ತದೆ. ಅದೇ ಕಲ್ಲನ್ನು ಮಲ್ಪೆಯಿಂದ ತಂದ ಕಡಲನೀರಿನಲ್ಲಿ ಮುಳುಗಿಸಿದರೆ, ಸಮುದ್ರದ ನೀರಿನ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 1.025 ಗ್ರಾಂ ಆದ್ದರಿಂದ, 410ರ ಆಸುಪಾಸು ಬರುತ್ತದೆ. 100 ಘನ ಸೆಂಟಿಮೀಟರಿನ ಸಣ್ಣ ಕಲ್ಲಾಗಿದ್ದರೆ ವ್ಯತ್ಯಾಸ ಬರೀ ಎರಡೂವರೆ ಗ್ರಾಂ ಆಗಿ ಯಂತ್ರದ ಲೀಸ್ಟ್ ಕೌಂಟಿನಲ್ಲೇ ಕಳೆದುಹೋಗುತ್ತಿತ್ತು. ದುಬಾರಿ ಸೆನ್ಸರ್ ಇಲ್ಲದಿದ್ದರೆ ದೊಡ್ಡ ಕಲ್ಲು ಹುಡುಕಿ ಎಂದು ನಾನು ಹೇಳುವುದು ಇದಕ್ಕೇ.

ಆದರೆ ಆ ಕಲ್ಲು ಮುರಕಲ್ಲಾಗಿರಬಾರದು. ಮುರಕಲ್ಲಿನ ತೂತುಗಳೊಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂದು ಆ ಜಾಗಕ್ಕೆ ನೀರು ಹೊಕ್ಕಂತೆಲ್ಲ ಅಂಕಿ ಇಳಿಯುತ್ತಲೇ ಹೋಗುತ್ತದೆ. ನುಣುಪಾದ ಕರಿಕಲ್ಲೇ ಆಗಬೇಕು. ಕಡಲನೀರನ್ನು ಮಳೆಗಾಲದಲ್ಲಿ ಅಳಿವೆಯ ಬಾಯಲ್ಲಿ ತುಂಬಿಸಿಕೊಳ್ಳಬೇಡಿ. ನೇತ್ರಾವತಿ, ಫಲ್ಗುಣಿಗಳ ಸಿಹಿನೀರು ಬೆರೆತಿರುವಲ್ಲಿ 1.025 ಸಿಗುವುದಿಲ್ಲ. ಹಾಗೆಂದು, ತಿಂಗಳಿಗೊಮ್ಮೆ ಅಳಿವೆಯ ನೀರು ತಂದು ಅಳೆದರೆ ಅದೇ ಇನ್ನೊಂದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ನಿಂತ ಬಲಕ್ಕೆ ಇಷ್ಟು ಚೆನ್ನಾಗಿರುವ ಈ ಯಂತ್ರ, ಚಲಿಸುವ ಬಲಕ್ಕೆ ಬಂದರೆ ಕೈಕೊಡುತ್ತದೆ. ಅಂಕಿ ಸ್ಥಿರವಾಗಲೆಂದು ಒಳಗೇ ಸರಾಸರಿ ಮಾಡಿ ತಡವಾಗಿ ತೋರಿಸುವುದು ಅದರ ಸ್ವಭಾವ, ದತ್ತಾಂಶವನ್ನು ಹೊರಗೆ ತೆಗೆಯಲು ದಾರಿಯೂ ಇಲ್ಲ.

ಮೊಬೈಲು, ಹಾಗೂ ಬೇಡವಾದ ಒಂದು

ಜರ್ಮನಿಯ ಆಖೆನ್‌ನ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ರೂಪಿಸಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಮೊಬೈಲಿನೊಳಗಿನ ವೇಗೋತ್ಕರ್ಷ ಮಾಪಕವನ್ನು ನೇರವಾಗಿ ಓದಿಸುತ್ತದೆ. ಇದು ಬಲ ಅಳೆಯುವುದಲ್ಲ, ವೇಗೋತ್ಕರ್ಷವನ್ನು ಅಳೆದು ದ್ರವ್ಯರಾಶಿಯಿಂದ ಗುಣಿಸಿ ಬಲವನ್ನು ಲೆಕ್ಕಹಾಕುವುದು. ಘರ್ಷಣೆಗಾಗಲಿ ಪ್ಲವನ ಬಲಕ್ಕಾಗಲಿ ಇದರಿಂದ ಉಪಯೋಗವಿಲ್ಲ. ಆದರೆ ಮಂಗಳೂರಿನಲ್ಲಿ ಈಗ ಬಹುಮಹಡಿ ಕಟ್ಟಡಗಳಿಗೆ ಬರವಿಲ್ಲ. ಮೊಬೈಲನ್ನು ಲಿಫ್ಟಿನ ನೆಲದ ಮೇಲಿಟ್ಟು ಹತ್ತು ಮಹಡಿ ಏರಿದರೆ ಹೊರಡುವಾಗಿನ ಉಬ್ಬು, ನಿಲ್ಲುವಾಗಿನ ತಗ್ಗು, ನಡುವಿನ ಸಮತಟ್ಟು ರೇಖೆ ಮೂರೂ ಅಚ್ಚುಕಟ್ಟಾಗಿ ಬರುತ್ತವೆ. ಖರ್ಚು ಸೊನ್ನೆ.

ಒತ್ತಿದರೆ ರೋಧ ಬದಲಾಗುವ ತೆಳು ಹಾಳೆಯಂಥ ಎಫ್‌ಎಸ್‌ಆರ್ ಸೆನ್ಸರುಗಳನ್ನು ಅಗ್ಗವೆಂದು ಕೊಂಡು ಬೇಸರಪಟ್ಟವರಿದ್ದಾರೆ. ಒತ್ತಿದ್ದಾರೋ ಇಲ್ಲವೋ ಎಂದು ತಿಳಿಯಲು ಅವು ಸರಿ. ಅಳತೆಗಲ್ಲ.

ಲೋಡ್ ಸೆಲ್ ತಂದು ಕಟ್ಟಿಕೊಳ್ಳುವುದು

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನ ಕಾಲೇಜುಗಳಿಗೆ ನಾನು ಹೇಳುವುದು ಇದನ್ನೇ. ಲೋಡ್ ಸೆಲ್ ಎಂದರೆ ಬೆರಳುದ್ದಕ್ಕಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಪಟ್ಟಿ. ನಡುವೆ ಕೊರೆದ ತೂತಿನಿಂದ ಅಲ್ಲಿ ಲೋಹ ತೆಳುವಾಗಿರುತ್ತದೆ, ಆ ತೆಳು ಭಾಗದ ಮೇಲೆ ಹಿಗ್ಗಿದರೆ ಕುಗ್ಗಿದರೆ ವಿದ್ಯುತ್ ರೋಧ ಬದಲಾಗುವ ನಾಲ್ಕು ಸ್ಟ್ರೇನ್ ಗೇಜುಗಳನ್ನು ಅಂಟಿಸಿರುತ್ತಾರೆ. ಭಾರ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎರಡು ಗೇಜು ಹಿಗ್ಗುತ್ತವೆ, ಎರಡು ಕುಗ್ಗುತ್ತವೆ. ಇವನ್ನು ಜೋಡಿಸಿರುವುದು ದ್ವಿತೀಯ ಪಿಯುಸಿಯಲ್ಲಿ ಓದುವ ಅದೇ ವ್ಹೀಟ್‌ಸ್ಟನ್ ಸೇತುವೆಯಾಗಿ. ಎಳೆದ ತಂತಿಯ ರೋಧ ಬದಲಾಗುವುದನ್ನು ಲಾರ್ಡ್ ಕೆಲ್ವಿನ್ 1856ರಲ್ಲೇ ತೋರಿಸಿದ್ದ. ಅಂಟಿಸುವ ಸ್ಟ್ರೇನ್ ಗೇಜು ಅಮೆರಿಕದಲ್ಲಿ ಸಿಮನ್ಸ್ ಮತ್ತು ರೂಜ್ ಎಂಬಿಬ್ಬರಿಂದ ಬೇರೆಬೇರೆಯಾಗಿ 1938ರಲ್ಲಿ ಬಂತು. ಅಡುಗೆಮನೆಯ ಯಂತ್ರದೊಳಗೂ, ಹತ್ತಾರು ಸಾವಿರದ ಸೆನ್ಸರಿನೊಳಗೂ ಇರುವುದು ಇದೇ ತತ್ತ್ವ. ಹೆಚ್ಚು ಹಣ ಕೊಟ್ಟಾಗ ಸಿಗುವುದು ಬೇರೆ ಭೌತಶಾಸ್ತ್ರವಲ್ಲ, ಬೇರೆ ಅನುಕೂಲ.

ಇಂಥ ಪಟ್ಟಿಯ ಸಂಕೇತ ಬಹಳ ಸಣ್ಣದು. ಪ್ರತಿ ವೋಲ್ಟಿಗೆ 1 ಮಿಲಿವೋಲ್ಟ್ ಕೊಡುವ ಸೆಲ್ಲಿಗೆ 5 ವೋಲ್ಟ್ ಉಣಿಸಿದರೆ ಪೂರ್ಣ ಭಾರದಲ್ಲಿ ಸಿಗುವುದು 5 ಮಿಲಿವೋಲ್ಟ್. ಆರ್ಡುಯಿನೊ ಊನೊ ಎಂಬ, ಪ್ರೋಗ್ರಾಮ್ ತುಂಬಿ ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಹಲಗೆಯ 10 ಬಿಟ್ ಒಳದಾರಿ (ಇನ್ಪುಟ್) ಗುರುತಿಸುವ ಅತಿ ಸಣ್ಣ ಹೆಜ್ಜೆಯೂ ಸುಮಾರು ಅಷ್ಟೇ ಆದ್ದರಿಂದ ನೇರವಾಗಿ ಜೋಡಿಸಿದರೆ ಏನೂ ಕಾಣದು. ನಡುವೆ ಎಚ್‌ಎಕ್ಸ್711 ಎಂಬ ಪುಟ್ಟ ಹಲಗೆ ಬೇಕು. ಅದು ಸಂಕೇತವನ್ನು 128 ಪಟ್ಟು ಹಿಗ್ಗಿಸಿ 24 ಬಿಟ್ ಅಂಕಿಯಾಗಿ ಕೊಡುತ್ತದೆ. 24 ಬಿಟ್ ಎಂಬುದಕ್ಕೆ ಮರುಳಾಗಬೇಡಿ. ಕೊನೆಯ ಹಲವು ಅಂಕಿಗಳು ಸುಮ್ಮನೆ ಕುಣಿಯುತ್ತಿರುತ್ತವೆ. ಆದರೂ ಒಂದು ಕೆ.ಜಿ. ಮಿತಿಯ ಸೆಲ್ಲಿನಲ್ಲಿ 0.1 ಗ್ರಾಂ ಭಾರದಷ್ಟು, ಎಂದರೆ 0.001 ನ್ಯೂಟನ್ ಹತ್ತಿರದ ವ್ಯತ್ಯಾಸವನ್ನು ಜಾಗ್ರತೆಯಿಂದ ಕೆಲಸ ಮಾಡಿದರೆ ನೋಡಬಹುದು.

ಅಡಚಣೆ ಇರುವುದು ವೇಗದಲ್ಲಿ. ಎಚ್‌ಎಕ್ಸ್711 ಸೆಕೆಂಡಿಗೆ 10 ಅಥವಾ 80 ಓದುಗಳನ್ನು ಮಾತ್ರ ಕೊಡುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಹಲಗೆಗಳಲ್ಲಿ 15ನೆಯ ಪಿನ್ನನ್ನು ಗ್ರೌಂಡಿಗೆ ಸೇರಿಸಿ 10ಕ್ಕೇ ಕಟ್ಟಿಹಾಕಿರುತ್ತಾರೆ. ಆ ಪಿನ್ನನ್ನು ಬೆಸುಗೆ ಬಿಡಿಸಿ ಮೇಲೆತ್ತಿ ವಿದ್ಯುತ್ ಪೂರೈಕೆಯ ಧನ ತುದಿಗೆ ಸೇರಿಸಿದರೆ 80 ಆಗುತ್ತದೆ. ಬೆಸುಗೆ ಬರುವವರಿಗೆ ಐದು ನಿಮಿಷದ ಕೆಲಸ.

ಈ 80 ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು? 200 ಗ್ರಾಂ ಗುಂಡನ್ನು ಒಂದು ಮೀಟರ್ ದಾರದಲ್ಲಿ ತೂಗಿಬಿಟ್ಟು, ದಾರದ ಮೇಲ್ತುದಿಯನ್ನು ಲೋಡ್ ಸೆಲ್ಲಿಗೆ ಕಟ್ಟಿ, 30 ಡಿಗ್ರಿ ಎಳೆದು ಬಿಡಿ. ತುದಿಯಲ್ಲಿ ಎಳೆತ ಸುಮಾರು 1.69 ನ್ಯೂಟನ್, ನಡುಬಿಂದುವಿನಲ್ಲಿ 2.48. ಲೋಲಕದ ಆವರ್ತ ಕಾಲ 2 ಸೆಕೆಂಡು ಚಿಲ್ಲರೆ, ಆದರೆ ಒಂದು ಸುತ್ತಿನಲ್ಲಿ ಗುಂಡು ನಡುಬಿಂದುವನ್ನು ಎರಡು ಸಲ ದಾಟುವುದರಿಂದ ಎಳೆತದ ಆವರ್ತ ಕಾಲ ಅದರರ್ಧ. ಗ್ರಾಫ್ ನೋಡಿ "ಇದು ತಪ್ಪು ಬಂದಿದೆ ಸರ್" ಎನ್ನದ ತರಗತಿಯನ್ನು ನಾನು ಕಂಡಿಲ್ಲ. ಇದಕ್ಕೆ 10 ಓದು ಹೇಗೋ ನಡೆಯುತ್ತದೆ, 80 ಇದ್ದರೆ ರೇಖೆ ನುಣುಪಾಗಿ ಬರುತ್ತದೆ. ಘರ್ಷಣೆಯಲ್ಲಿ ಮರದ ತುಂಡು ಕದಲುವ ಮುಂಚಿನ ಶಿಖರವನ್ನು ಹಿಡಿಯಲು 10 ಸಾಲದು, 80 ಬೇಕು. ಡಿಕ್ಕಿಗೆ 80 ಕೂಡ ಸಾಲದು. ಅರ್ಧ ಕೆ.ಜಿ. ಗಾಡಿ ಸೆಕೆಂಡಿಗೆ 0.4 ಮೀಟರ್ ವೇಗದಲ್ಲಿ ಬಂದು ಸ್ಪ್ರಿಂಗಿಗೆ ಬಡಿದು ಅಷ್ಟೇ ವೇಗದಲ್ಲಿ ಹಿಂದಿರುಗಿತೆಂದುಕೊಳ್ಳಿ. ಈ ಭೇಟಿ 40 ಮಿಲಿಸೆಕೆಂಡಿನದಾದರೆ ಸರಾಸರಿ ಬಲ 10 ನ್ಯೂಟನ್, ಶಿಖರ ಸುಮಾರು 16. ಎಂಬತ್ತರ ವೇಗದಲ್ಲಿ ಅಷ್ಟರೊಳಗೆ ಸಿಗುವುದು ಮೂರು ಬಿಂದು. ಮೂರು ಬಿಂದುಗಳ ಕೆಳಗಿನ ವಿಸ್ತೀರ್ಣವನ್ನು ಸಂವೇಗದ ಬದಲಾವಣೆಗೆ ಹೋಲಿಸಿ ತೋರಿಸುವುದು ಪ್ರಾಮಾಣಿಕವಲ್ಲ. ಹತ್ತರ ವೇಗದಲ್ಲಾದರೆ ಡಿಕ್ಕಿ ಆದದ್ದೇ ತಿಳಿಯದಿರಬಹುದು.

ಇದಕ್ಕೂ ಒಂದು ಉಪಾಯ ಇದೆ, ಸ್ವಲ್ಪ ಕಷ್ಟದ್ದು. ಎಚ್‌ಎಕ್ಸ್711 ಬಿಟ್ಟು ಐಎನ್‌ಎ125 ಎಂಬ ವರ್ಧಕ ಚಿಪ್ಪನ್ನು ಬಳಸಿ, 121 ಓಮ್ ಹತ್ತಿರದ ರೋಧಕದಿಂದ ಸಂಕೇತವನ್ನು 500 ಪಟ್ಟು ಹಿಗ್ಗಿಸಿ, ಸೆಕೆಂಡಿಗೆ 860 ಓದುಗಳವರೆಗೆ ಕೊಡುವ ಎಡಿಎಸ್1115 ಎಂಬ, ವೋಲ್ಟೇಜನ್ನು 16 ಬಿಟ್ ಅಂಕಿಯಾಗಿಸುವ ಚಿಪ್ಪಿಗೆ ಉಣಿಸಬಹುದು. ಆಗ ಆ ಡಿಕ್ಕಿಯಲ್ಲಿ ಮೂವತ್ತನಾಲ್ಕರಷ್ಟು ಬಿಂದುಗಳು ಸಿಗುತ್ತವೆ. ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸೆಲರೇಟರ್ ಸೆಂಟರ್ ರೂಪಿಸಿದ ಎಕ್ಸ್‌ಪೈಸ್ ಪೆಟ್ಟಿಗೆ ನಿಮ್ಮ ಪ್ರಯೋಗಾಲಯದಲ್ಲಿ ಈಗಾಗಲೇ ಇದ್ದರೆ, ವರ್ಧಕದ ಹೊರದಾರಿಯನ್ನು ನೇರ ಅದರ ವೋಲ್ಟೇಜ್ ಒಳದಾರಿಗೇ ಕೊಡಬಹುದು. ಎಲೆಕ್ಟ್ರಾನಿಕ್ಸ್ ಬಲ್ಲ ಸಹೋದ್ಯೋಗಿ ಪಕ್ಕದಲ್ಲಿಲ್ಲದಿದ್ದರೆ ಇದಕ್ಕೆ ಕೈಹಾಕಬೇಡಿ. ಸೊನ್ನೆಯನ್ನು ಕೂರಿಸುವುದರಲ್ಲೇ ಒಂದು ವಾರ ಹೋಗುತ್ತದೆ.

ಕಟ್ಟುವಾಗ ಹೆಚ್ಚಿನವರು ಎಡವುವುದು ವಿದ್ಯುತ್ತಿನಲ್ಲಲ್ಲ, ಸ್ಕ್ರೂಗಳಲ್ಲಿ. ಪಟ್ಟಿಯ ಒಂದು ತುದಿಯನ್ನಷ್ಟೇ ಗಟ್ಟಿ ಹಲಗೆಗೆ ಬಿಗಿಯಬೇಕು, ಅಲ್ಲಿಯೂ ನಡುವೆ ಎರಡು ವಾಷರ್ ಕೊಟ್ಟು ಉಳಿದ ಭಾಗ ಹಲಗೆಗೆ ತಾಗದಂತೆ ಎತ್ತರಿಸಬೇಕು. ಪಟ್ಟಿ ಬಾಗಲು ಜಾಗವಿಲ್ಲದಿದ್ದರೆ ಅಳತೆಯೂ ಇಲ್ಲ. ಬದಿಯಲ್ಲಿ ಬಾಣದ ಗುರುತಿದ್ದರೆ ಅದು ಭಾರ ಎಳೆಯಬೇಕಾದ ದಿಕ್ಕು. ಅಂಕಿ ಉಲ್ಟಾ ಬಂದರೆ ಬಿಳಿ, ಹಸಿರು ತಂತಿಗಳನ್ನು ಅದಲುಬದಲು ಮಾಡಿದರೆ ಆಯಿತು. ನಡುವಿನ ಬಿಳಿ ಅಂಟನ್ನು ಕೆರೆದು ನೋಡುವ ಕುತೂಹಲವನ್ನು ಮಾತ್ರ ತಡೆದುಕೊಳ್ಳಿ. ಗೇಜುಗಳನ್ನು ತೇವದಿಂದ ಕಾಯುವುದು ಅದೊಂದೇ.

ಇದರ ದೊಡ್ಡ ದೌರ್ಬಲ್ಯ ಅತಿಭಾರ. ಮೂರನೆಯ ನಿಯಮ ತೋರಿಸಲೆಂದು 5 ಕೆ.ಜಿ.ಯ ಎರಡು ಸೆಲ್ಲುಗಳಿಗೆ ಕೊಕ್ಕೆ ಹಾಕಿ ವಿದ್ಯಾರ್ಥಿಗಳ ಕೈಗೆ ಕೊಟ್ಟು ನಾನು ಕಪ್ಪುಹಲಗೆಯ ಕಡೆ ತಿರುಗಿದ್ದೆ. ತಿರುಗಿ ನೋಡುವಾಗ ಹಗ್ಗಜಗ್ಗಾಟ ನಡೆದಿತ್ತು. ಭಾರ ತೆಗೆದ ಮೇಲೂ ಒಂದು ಸೆಲ್ಲಿನ ಅಂಕಿ ಸೊನ್ನೆಗೆ ಬರಲೇ ಇಲ್ಲ, ಲೋಹ ಶಾಶ್ವತವಾಗಿ ಬಾಗಿಬಿಟ್ಟಿತ್ತು. ಮಿತಿ ಹೇಳದೆ ಕೊಟ್ಟದ್ದು ನನ್ನದೇ ತಪ್ಪು. ಈಗ ಪಟ್ಟಿಯ ತುದಿಯ ಕೆಳಗೆ ಒಂದು ಬೋಲ್ಟನ್ನು ಕೂದಲೆಳೆಯಷ್ಟು ಅಂತರದಲ್ಲಿ ನಿಲ್ಲಿಸಿರುತ್ತೇನೆ. ಮಿತಿ ಮೀರಿದರೆ ಪಟ್ಟಿ ಅದಕ್ಕೆ ತಾಗಿ ನಿಲ್ಲುತ್ತದೆ.

ಕಂಪನಿಯ ಸೆನ್ಸರುಗಳು

ವರ್ನಿಯರ್‌ನ (ಇದು ಪ್ರಯೋಗಾಲಯದ ಸೆನ್ಸರು ಮಾಡುವ ಕಂಪನಿ) ಡ್ಯುಯಲ್ ರೇಂಜ್ ಸೆನ್ಸರಿನಲ್ಲಿ ಒಂದು ಸ್ವಿಚ್ ಇದೆ. ಒಂದು ಬದಿಗೆ 10 ನ್ಯೂಟನ್ ವ್ಯಾಪ್ತಿ, 0.01ರ ಸೂಕ್ಷ್ಮತೆ, ಇನ್ನೊಂದು ಬದಿಗೆ 50 ನ್ಯೂಟನ್, 0.05ರ ಸೂಕ್ಷ್ಮತೆ. ಈ ಸ್ವಿಚ್ಚನ್ನು ಪ್ರಯೋಗ ನೋಡಿ ಹಾಕಬೇಕು. ಮರದ ತುಂಡಿನ ಘರ್ಷಣೆಗೆ 10, ಮೇಲೆ ಹೇಳಿದ ಡಿಕ್ಕಿಗೆ 50. ಅಲ್ಲಿ 10 ಹಾಕಿದರೆ 16ರ ಶಿಖರವನ್ನು ಕತ್ತರಿಸಿ ತಲೆ ಚಪ್ಪಟೆಯಾದ ಗ್ರಾಫ್ ಕೊಡುತ್ತದೆ. ಈ ಸೆನ್ಸರನ್ನು ಓದಲು, ಅದನ್ನು ಕಂಪ್ಯೂಟರಿಗೆ ಸೇರಿಸುವ ಕಂಪನಿಯದೇ ಇಂಟರ್‌ಫೇಸ್ ಪೆಟ್ಟಿಗೆ ಬೇರೆ ಕೊಳ್ಳಬೇಕು ಎಂಬುದನ್ನು ಅನೇಕರು ಸರಕು ಬಂದ ಮೇಲೆ ತಿಳಿಯುತ್ತಾರೆ. ಅದೇ ಕಂಪನಿಯ ಗೋ ಡೈರೆಕ್ಟ್ ಮಾದರಿ 50 ನ್ಯೂಟನ್ ವ್ಯಾಪ್ತಿಯದು, ಬ್ಲೂಟೂತ್ ಅಥವಾ ಯುಎಸ್‌ಬಿ ಮೂಲಕ ನೇರ ಕಂಪ್ಯೂಟರಿಗೋ ಮೊಬೈಲಿಗೋ ಸೇರುತ್ತದೆ, ಒಳಗೆ ವೇಗೋತ್ಕರ್ಷ ಮಾಪಕವೂ ಇದೆ. ಪಾಸ್ಕೊ ಎಂಬ ಇನ್ನೊಂದು ಕಂಪನಿಯ ತಂತಿರಹಿತ ಸೆನ್ಸರೂ ಹೆಚ್ಚುಕಡಿಮೆ ಇದೇ ಬಗೆಯದು.

ಇವುಗಳ ಪರವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ. ಕೊಕ್ಕೆ, ಬಂಪರ್, ಗಾಡಿಗೆ ಕೂರಿಸುವ ಸ್ಕ್ರೂ ಎಲ್ಲವೂ ಹೊಂದಿಕೊಳ್ಳುತ್ತವೆ. ಕಾರ್ಖಾನೆಯಲ್ಲೇ ಕ್ಯಾಲಿಬ್ರೇಷನ್, ಎಂದರೆ ಗೊತ್ತಿರುವ ಭಾರಕ್ಕೆ ಅಂಕಿಯನ್ನು ಹೊಂದಿಸುವ ಕೆಲಸ, ಆಗಿರುತ್ತದೆ. ಗ್ರಾಫಿನ ಕೆಳಗಿನ ವಿಸ್ತೀರ್ಣ ಒಂದು ಒತ್ತಿಗೆ ಬರುತ್ತದೆ. ಒಂದೂವರೆ ಗಂಟೆಯ ಪ್ರಾಯೋಗಿಕ ಅವಧಿಯಲ್ಲಿ ಮೂವತ್ತು ಮಂದಿಯನ್ನು ನಿಭಾಯಿಸುವವರಿಗೆ ಇದು ಸಣ್ಣ ಮಾತಲ್ಲ. ವಿರುದ್ಧ ಹೇಳಬೇಕಾದದ್ದು ಮುಖ್ಯವಾಗಿ ರಿಪೇರಿಯ ವಿಷಯ. ನಾನು ಕಂಡ ಒಂದು ಪ್ರಯೋಗಾಲಯದಲ್ಲಿ ಬ್ಯಾಟರಿ ಸತ್ತ ಸೆನ್ಸರನ್ನು ಕಳುಹಿಸಿದ ಮೇಲೆ ಆ ಶೈಕ್ಷಣಿಕ ವರ್ಷವೇ ಮುಗಿದಿತ್ತು. ರಜೆಯಲ್ಲೂ ಆಗಾಗ ಚಾರ್ಜ್ ಮಾಡುವ ಹೊಣೆಯನ್ನು ಯಾರಿಗಾದರೂ ಒಪ್ಪಿಸಬೇಕು. ಕೊಟೇಶನ್ ಕೇಳುವಾಗಲೇ ಇಂಟರ್‌ಫೇಸ್, ತಂತ್ರಾಂಶದ ಪರವಾನಗಿ, ತೆರಿಗೆ, ರಿಪೇರಿ ಎಲ್ಲಿ ಆಗುತ್ತದೆ ಎಂಬ ನಾಲ್ಕನ್ನೂ ಬರಹದಲ್ಲಿ ಪಡೆಯಿರಿ.

ಯಾವುದನ್ನೇ ಕೊಂಡರೂ

ಸೊನ್ನೆಯನ್ನು ಬಳಸುವ ಭಂಗಿಯಲ್ಲೇ ಮಾಡಬೇಕು. ಕೊಕ್ಕೆ 10 ಗ್ರಾಂ ಇದ್ದರೆ ಅದರ ಭಾರವೇ ಸುಮಾರು 0.1 ನ್ಯೂಟನ್; ಕೊಕ್ಕೆ ಕೆಳಮುಖವಾಗಿದ್ದಾಗ ಸೊನ್ನೆ ಮಾಡಿ ಮೇಲ್ಮುಖವಾಗಿ ತಿರುಗಿಸಿದರೆ 0.2 ನ್ಯೂಟನ್ನಿನ ಸುಳ್ಳು ಅಂಕಿ ಕಾದು ಕುಳಿತಿರುತ್ತದೆ. ವಿದ್ಯುತ್ ಕೊಟ್ಟ ಕೂಡಲೇ ಓದಬೇಡಿ, ಹತ್ತು ನಿಮಿಷ ಬಿಡಿ. ಫ್ಯಾನಿನ ಗಾಳಿಗೂ ಕಿಟಕಿಯ ಬಿಸಿಲಿಗೂ ಒಡ್ಡಬೇಡಿ. ಕ್ಯಾಲಿಬ್ರೇಷನ್ನಿಗೆ ಸೊನ್ನೆಯೊಂದು, ಪೂರ್ಣ ವ್ಯಾಪ್ತಿಯ ಮುಕ್ಕಾಲು ಭಾಗದ ತೂಕವೊಂದು, ಹೀಗೆ ಎರಡು ಬಿಂದು ಸಾಕು. ನಡುವಿನ ಒಂದು ತೂಕದಿಂದ ಪರೀಕ್ಷಿಸಿ. ನಮ್ಮ ಸ್ಲಾಟೆಡ್ ತೂಕಗಳು ತುಕ್ಕು ಹಿಡಿದು, ಸವೆದು ಬರೆದಷ್ಟು ಇರುವುದಿಲ್ಲವಾದ್ದರಿಂದ ರಸಾಯನಶಾಸ್ತ್ರ ವಿಭಾಗದ ತಕ್ಕಡಿಯಲ್ಲಿ ಒಮ್ಮೆ ತೂಗಿಸಿಕೊಂಡು ಬನ್ನಿ.

ಕಿಲೋಗ್ರಾಂಗಳನ್ನು ನ್ಯೂಟನ್ನಿಗೆ ಬದಲಾಯಿಸುವಾಗ 9.81 ಬರೆಯುವ ರೂಢಿ ಇದೆ. ಸುಮಾರು 12.9 ಡಿಗ್ರಿ ಅಕ್ಷಾಂಶದ ಮಂಗಳೂರಿನಲ್ಲಿ, ಸಮುದ್ರಮಟ್ಟದಲ್ಲಿ, ಗುರುತ್ವದ ಲೆಕ್ಕದ ಬೆಲೆ 9.783ರಷ್ಟು. ವ್ಯತ್ಯಾಸ ಶೇಕಡಾ 0.3ಕ್ಕಿಂತ ಕಡಿಮೆ. ಸ್ಪ್ರಿಂಗ್ ತಕ್ಕಡಿಗೆ ಅದು ಲೆಕ್ಕಕ್ಕೇ ಇಲ್ಲ, ಒಳ್ಳೆಯ ಲೋಡ್ ಸೆಲ್ಲಿಗೆ ಲೆಕ್ಕಕ್ಕೆ ಬರುತ್ತದೆ.

ಎಳೆಯುವ ದಾರಕ್ಕೆ ತಂಗೂಸಿ (ನೈಲಾನ್ ದಾರ) ಬೇಡ. ಗಾಳ ಹಾಕಲು ಅದು ಸರಿ, ಆದರೆ ಎಳೆದಾಗ ಹಿಗ್ಗಿ ಘರ್ಷಣೆಯ ಶಿಖರವನ್ನು ಮೊಂಡಾಗಿಸುತ್ತದೆ. ಹೆಣೆದ ಹತ್ತಿಯ ದಾರ ಇರಲಿ, ಅದು ಮೇಜಿಗೆ ಸಮಾಂತರವಾಗಿರಲಿ. ಮಳೆಗಾಲದಲ್ಲಿ ಸಾಧನಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಪೊಟ್ಟಣವನ್ನು ಆಗಾಗ ಬಿಸಿಮಾಡಿ ಒಣಗಿಸಿ. ಮೇ ತಿಂಗಳ ಸಂಜೆಯ ಗುಡುಗು ಕೇಳಿಸಿದೊಡನೆ ಕಂಪ್ಯೂಟರಿನಿಂದ ತಂತಿ ಬಿಡಿಸಿಬಿಡಿ.

ಹಣದ ಲೆಕ್ಕ

ಬೆಲೆಗಳು ಏರಿಳಿಯುತ್ತಲೇ ಇರುವುದರಿಂದ ಪ್ರಮಾಣವನ್ನಷ್ಟೇ ಹೇಳುತ್ತೇನೆ. ಸ್ಪ್ರಿಂಗ್ ತಕ್ಕಡಿ, ಅಡುಗೆಮನೆಯ ಯಂತ್ರ ಇವು ನೂರರ ಲೆಕ್ಕದವು. ಲೋಡ್ ಸೆಲ್, ಎಚ್‌ಎಕ್ಸ್711, ಆರ್ಡುಯಿನೊ ಮಾದರಿಯ ಹಲಗೆ ಸೇರಿ ಒಂದು ಜೋಡಣೆ ಸಾವಿರದ ಆಸುಪಾಸು. ಕಂಪನಿಯ ಸೆನ್ಸರು ಇಂಟರ್‌ಫೇಸ್ ಸಮೇತ ಹತ್ತಾರು ಸಾವಿರ.

ಪ್ರೌಢಶಾಲೆಯವರು ಸ್ಪ್ರಿಂಗ್ ತಕ್ಕಡಿ ಆರು, ಅಡುಗೆಮನೆಯ ಯಂತ್ರ ಎರಡು ಕೊಂಡು ನಿಲ್ಲಿಸಬಹುದು. ಮನೆಯಲ್ಲೇ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ ಅಮ್ಮನ ಯಂತ್ರವನ್ನೂ ತನ್ನ ಮೊಬೈಲನ್ನೂ ಬಳಸಲಿ. ಲೀಸ್ಟ್ ಕೌಂಟ್ ಏನು, ಕಲ್ಲನ್ನು ಯಾಕೆ ದೊಡ್ಡದು ಆರಿಸಿದೆ ಎಂದು ವಿವರಿಸಬಲ್ಲವನ ಮುಂದೆ ಯಾವ ಪರೀಕ್ಷಕರೂ ನಗುವುದಿಲ್ಲ. ಪದವಿಪೂರ್ವ ಕಾಲೇಜಿಗೆ 1 ಕೆ.ಜಿ.ಯ ಎರಡು, 5 ಕೆ.ಜಿ.ಯ ಎರಡು ಲೋಡ್ ಸೆಲ್ ಜೋಡಣೆಗಳು ಸೂಕ್ತ. ಮೂರನೆಯ ನಿಯಮಕ್ಕೆ ಜೋಡಿ ಬೇಕೇಬೇಕು, ಹಾಗಾಗಿ ಒಂಟಿ ದುಬಾರಿ ಸೆನ್ಸರಿಗಿಂತ ಎರಡು ಸಾದಾ ಸೆನ್ಸರುಗಳನ್ನೇ ನಾನು ಆರಿಸುತ್ತೇನೆ. ಆದರೆ ಬೆಸುಗೆ ಹಾಕುವ, ಪ್ರೋಗ್ರಾಮ್ ತುಂಬುವ ಒಬ್ಬರಾದರೂ ಸಿಬ್ಬಂದಿಯಲ್ಲಿರಬೇಕು. ಅವರು ವರ್ಗವಾಗಿ ಹೋದ ಮೇಲೆ ಬೀರುವಿನಲ್ಲಿ ತಂತಿಗಳ ಗಂಟು ಮಾತ್ರ ಉಳಿದ ಉದಾಹರಣೆಗಳೂ ಇವೆ. ಪದವಿ ಕಾಲೇಜಿನಲ್ಲಿ ಗಾಡಿ ಮತ್ತು ಹಳಿ ಈಗಾಗಲೇ ಇದ್ದು, ಇಂಪಲ್ಸ್ (ಡಿಕ್ಕಿಯ ಬಲವನ್ನೂ ಸಂವೇಗದ ಬದಲಾವಣೆಯನ್ನೂ ಹೋಲಿಸುವ) ಪ್ರಯೋಗ ಪಠ್ಯದಲ್ಲಿದ್ದರೆ ಕಂಪನಿಯ ಸೆನ್ಸರಿಗೆ ಹಣ ಹಾಕುವುದು ನ್ಯಾಯವೇ. ಆಗಲೂ ಮೊದಲ ವರ್ಷ ಒಂದನ್ನೇ ಕೊಂಡು ಒಂದು ಮಳೆಗಾಲ ದಾಟಿಸಿ ನೋಡಿ.

ಕಾರ್ಕಳದ ಅಧ್ಯಾಪಕಿಯವರನ್ನು ನಾನು ಕೇಳಿದ್ದು ಎರಡೇ ಪ್ರಶ್ನೆ: ಡಿಕ್ಕಿಯ ಪ್ರಯೋಗ ಮಾಡಿಸುತ್ತೀರಾ, ಬೆಸುಗೆ ಹಾಕುವವರು ಇದ್ದಾರಾ? ಡಿಕ್ಕಿ ಇಲ್ಲ, ಅಟೆಂಡರ್ ಅಣ್ಣ ರೇಡಿಯೊ ರಿಪೇರಿ ಮಾಡುತ್ತಿದ್ದವರು ಎಂದರು. ನಾಲ್ಕು ಜೋಡಣೆಗೆ ಬೇಕಾದ್ದನ್ನು ಬರೆಸಿ, ಲೋಡ್ ಸೆಲ್ ಮಾತ್ರ ಆರು ತರಿಸಲು ಹೇಳಿದೆ. ಹಗ್ಗಜಗ್ಗಾಟ ಅಲ್ಲಿಯೂ ಆಗದಿರುವುದಿಲ್ಲ.